ಅಬಿಂಗ್ಡನ್ನಿನಲ್ಲಿ ಐದು ಸ್ಕ್ರೂಗಳು

ಮಗನ ಮನೆಗೆಂದು ವಿಲಾಯತಿಗೆ ಹೋಗಿ ಬಂದವರೆಲ್ಲ ಒಂದು ಪ್ರವಾಸ ಲೇಖನ ಬರೆದೇ ತೀರುತ್ತಾರೆ. ಅದರಲ್ಲಿ ಲಂಡನ್ನಿನ ಗೋಪುರ, ಅರಮನೆಯ ಕಾವಲುಗಾರರು, ಮೇಣದ ಬೊಂಬೆಗಳು ಇದ್ದೇ ಇರುತ್ತವೆ. ನಮ್ಮ ಸಂಘದ ತ್ರೈಮಾಸಿಕವನ್ನು ಬಿಡದೆ ಓದುವವರಿಗೆ ಅವೆಲ್ಲ ಬಾಯಿಪಾಠವಾಗಿರಬೇಕು. ನಾನೂ ಅವನ್ನೆಲ್ಲ ನೋಡಿದೆ. ಆದರೆ ಮಾಹಿಮಿನ ಮನೆಗೆ ಮರಳಿದ ಮೇಲೂ ಮನಸ್ಸಿನಲ್ಲಿ ನಿಂತದ್ದು ಅವಾವುವೂ ಅಲ್ಲ. ಒಂದು ಹಳೆಯ ಕಾರಿನ ಬಾಗಿಲಿನಲ್ಲಿ ಹಟ ಹಿಡಿದು ಕೂತಿದ್ದ ಐದು ತುಕ್ಕಿನ ಸ್ಕ್ರೂಗಳು. ಓದುಗರು ನಗಬಾರದು. ಸಂಗತಿ ಪೂರ್ತಿ ಕೇಳಿದ ಮೇಲೆ ನಕ್ಕರೆ ಅಡ್ಡಿಯಿಲ್ಲ.

ನಾನೂ ನನ್ನಾಕೆಯೂ ಹೋದದ್ದು ೨೦೨೪ರ ಮೇ ತಿಂಗಳಲ್ಲಿ. ಮಗ ಇರುವುದು ಅಬಿಂಗ್ಡನ್ ಎಂಬ ಊರಿನಲ್ಲಿ. ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರಿನ ಆಚೆ ಈಚೆ, ಥೇಮ್ಸ್ ನದಿಯ ದಂಡೆಯ ಮೇಲಿದೆ. ನಮ್ಮ ಕಡೆಯ ತಾಲೂಕು ಸ್ಥಳದಷ್ಟು ದೊಡ್ಡದು. ಒಂದು ಕಾಲಕ್ಕೆ ಇಲ್ಲಿ ದೊಡ್ಡ ಕ್ರೈಸ್ತ ಮಠವಿತ್ತಂತೆ. ೧೫೩೮ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಅದು ಮುಚ್ಚಿಹೋಯಿತು. ಈಗ ಉಳಿದಿರುವುದು ಬಾಗಿಲು, ಕೆಲವು ಕಟ್ಟಡ, ಸೊಗಸಾದ ಒಂದು ಹುಲ್ಲುಹಾಸು. ಪೇಟೆಯ ನಡುವೆ ೧೬೭೮ರಿಂದ ೧೬೮೨ರವರೆಗೆ ಕಟ್ಟಿದ ಕೌಂಟಿ ಹಾಲ್ ಇದೆ. ರಾಜಮನೆತನದಲ್ಲಿ ಏನಾದರೂ ದೊಡ್ಡ ಸಮಾರಂಭ ನಡೆದಾಗ ಊರ ಹಿರಿಯರು ಇದರ ಮಾಳಿಗೆ ಹತ್ತಿ, ಕೆಳಗೆ ಕೂಡಿದ ಜನರ ಮೇಲೆ ಬನ್ನುಗಳನ್ನು ಎಸೆಯುತ್ತಾರೆ! ೨೦೨೩ರಲ್ಲಿ ಮೂರನೆಯ ಚಾರ್ಲ್ಸ್ ಪಟ್ಟಕ್ಕೇರಿದಾಗಲೂ ಎಸೆದರು. ತೇರಿನ ಮೇಲೆ ನಾವು ಉತ್ತತ್ತಿ, ಬಾಳೆಹಣ್ಣು ಎಸೆಯುತ್ತೇವೆ. ಇವರು ಮೇಲಿನಿಂದ ಕೆಳಕ್ಕೆ ಎಸೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಕಟ್ಟಡದೊಳಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ಎಂ.ಜಿ.ಬಿ. ಕಾರನ್ನು ಇಟ್ಟಿದ್ದಾರೆ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಈ ಕಾರಿನ ಕಾರಖಾನೆ ೧೯೨೯ರಲ್ಲಿ ಅಬಿಂಗ್ಡನ್ನಿಗೆ ಬಂತು. ಎರಡೇ ಆಸನ, ಮೇಲೆ ತೆರೆದ ಆಕಾಶ, ನೆಲಕ್ಕೆ ತಾಗುವಷ್ಟು ತಗ್ಗು. ಮನೆಮಂದಿ ಕೂತು ಮದುವೆಗೆ ಹೋಗುವ ಗಾಡಿಯಲ್ಲ, ಹುರುಪಿನ ಗಾಡಿ. ೧೯೬೨ರಿಂದ ೧೯೮೦ರವರೆಗೆ ಎಂ.ಜಿ.ಬಿ. ಒಂದೇ ಐದು ಲಕ್ಷಕ್ಕೂ ಮೇಲ್ಪಟ್ಟು ತಯಾರಾಯಿತು. ಈಗ ನಮ್ಮ ಮುಂಬಯಿ ರಸ್ತೆಯಲ್ಲಿ ಓಡುವ ಎಂ.ಜಿ. ಗಾಡಿಗಳಿಗೆ ಆ ಹೆಸರು ಮಾತ್ರ ಉಳಿದಿದೆ. ಅವು ತಯಾರಾಗುವುದು ಗುಜರಾತಿನ ಹಾಲೋಲಿನಲ್ಲಿ.

ಮಗನ ನೆರೆಮನೆಯವರು ಅರವತ್ತನಾಲ್ಕು ವಯಸ್ಸಿನ ಸದ್ಗೃಹಸ್ಥರು. ಹದಿನಾರನೆಯ ವಯಸ್ಸಿಗೆ, ೧೯೭೬ರಲ್ಲಿ, ಆ ಕಾರಖಾನೆ ಸೇರಿದವರು. ಅವರ ಅಣ್ಣ ಅದಕ್ಕೂ ಮೊದಲಿನಿಂದ ಅಲ್ಲಿಯೇ ಬಾಗಿಲು ಕೂರಿಸುವ ಕೆಲಸದಲ್ಲಿದ್ದರಂತೆ. ೧೯೭೯ರ ಸೆಪ್ಟೆಂಬರಿನಲ್ಲಿ ಊರೆಲ್ಲ ಸೇರಿ ಕಾರಖಾನೆಯ ಐವತ್ತು ವರ್ಷದ ಹಬ್ಬ ಮಾಡಿತು. ಹಬ್ಬ ಮುಗಿದ ಮರುದಿನ, ಸೋಮವಾರ, ಕಾರಖಾನೆ ಮುಚ್ಚುವ ಸುದ್ದಿ ಬಂತು. ೧೯೮೦ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿದರು. ಇದನ್ನು ಹೇಳುವಾಗ ಅವರ ದನಿಯಲ್ಲಿ ಕಹಿಯಿರಲಿಲ್ಲ. “ತೋರಣ ಇನ್ನೂ ಬಿಚ್ಚಿರಲಿಲ್ಲ” ಎಂದರು, ಅಷ್ಟೇ.

ಅವರ ಗ್ಯಾರೇಜಿನಲ್ಲಿ ೧೯೭೮ರ ಹಸಿರು ಎಂ.ಜಿ.ಬಿ. ಒಂದಿತ್ತು. ಆ ಶನಿವಾರದ ಮುಂದಿನ ಶನಿವಾರ ಅಣ್ಣನಿಗೆ ಎಂಬತ್ತು ತುಂಬುವುದಿತ್ತು. ವೃದ್ಧಾಶ್ರಮದಿಂದ ಅವರನ್ನು ಕರೆತಂದು, ಇದೇ ಕಾರಿನಲ್ಲಿ ಕೂರಿಸಿಕೊಂಡು ಹಳೆಯ ಕಾರಖಾನೆಯ ಜಾಗದವರೆಗೆ ಒಂದು ಸುತ್ತು ಹೋಗಬೇಕೆಂಬುದು ತಮ್ಮನ ಆಸೆ. ತೊಡಕಾಗಿದ್ದುದು ಎಡಗಡೆಯ ಬಾಗಿಲು. ಬಿಜಾಗರಿ ಸವೆದು ಬಾಗಿಲು ಜೋತುಬಿದ್ದಿತ್ತು, ಮುಚ್ಚಿಕೊಳ್ಳುತ್ತಿರಲಿಲ್ಲ. ಹೊಸ ಬಿಜಾಗರಿ ತರಿಸಿ ಇಟ್ಟಿದ್ದರು. ಆದರೆ ಹಳೆಯದನ್ನು ಹಿಡಿದಿದ್ದ ಸ್ಕ್ರೂಗಳಲ್ಲಿ ಐದು ಏನು ಮಾಡಿದರೂ ಅಲುಗಲೊಲ್ಲವು. ಒಬ್ಬರಿಂದಾಗುವ ಕೆಲಸವಲ್ಲ, ಬಾಗಿಲನ್ನು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಮಗನಿಗೆ ಆಫೀಸು. ನನಗೆ ಪುರಸೊತ್ತೇ ಪುರಸೊತ್ತು. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಕ್ಕ ಬರೆದ ಕೈಗಳನ್ನು ಹೀಗೆ ಹೊಸ ಚಾಕರಿಗೆ ಒಪ್ಪಿಸಿದೆ.

ಸ್ಕ್ರೂ ಹೀಗೇಕೆ ಕಚ್ಚಿಕೊಳ್ಳುತ್ತದೆ ಎಂಬುದು ಸಮುದ್ರದಂಡೆಯ ನಮ್ಮಂಥವರಿಗೆ ತಿಳಿಯಬೇಕಾದ ವಿಷಯ. ಕಬ್ಬಿಣಕ್ಕೆ ನೀರೂ ಗಾಳಿಯೂ ತಗುಲಿದರೆ ತುಕ್ಕು. ನೀರಿನಲ್ಲಿ ಉಪ್ಪು ಬೆರೆತರೆ ಈ ಕೆಲಸಕ್ಕೆ ವೇಗ. ಮುಂಬಯಿ, ಚೆನ್ನೈಗಳಲ್ಲಿ ಸಮುದ್ರವೇ ಉಪ್ಪು ಒದಗಿಸುತ್ತದೆ. ವಿಲಾಯತಿಯಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಚಕ್ರದಿಂದ ಸಿಡಿದು ಕಾರಿನ ಸಂದುಗೊಂದಿಗಳನ್ನೆಲ್ಲ ಸೇರುತ್ತದೆ. ಕಬ್ಬಿಣ ತುಕ್ಕಾದಾಗ ಸವೆಯುವುದಷ್ಟೇ ಅಲ್ಲ, ಉಬ್ಬುತ್ತದೆ. ಮೂಲದ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸ್ಕ್ರೂವಿನ ಸುತ್ತುಗಳ ನಡುವೆ ಜಾಗವೆಲ್ಲಿದೆ? ಒಳಗೇ ಬಿಗಿದು ಬೆಣೆಯಾಗುತ್ತದೆ. ಆಗ ಬಲ ಹಾಕಿ ತಿರುಗಿಸಿದರೆ ಮೊದಲು ಸೋಲುವುದು ತುಕ್ಕಲ್ಲ, ಸ್ಕ್ರೂವಿನ ತಲೆ.

ನೆರೆಯವರ ಕ್ರಮ ಹೀಗಿತ್ತು. ಮೊದಲು ಸ್ಕ್ರೂ ತಲೆಯ ಗುಳಿಯಲ್ಲಿ ಸೇರಿದ್ದ ಬಣ್ಣ, ಮಣ್ಣನ್ನು ಸೂಜಿಯಿಂದ ಕೆರೆದು ಚೊಕ್ಕಟ ಮಾಡಿದರು. ಬಳಿಕ ಸಂದಿನೊಳಕ್ಕೆ ಇಳಿಯುವಂಥ ತೆಳ್ಳನೆಯ ಎಣ್ಣೆ ಬಿಟ್ಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂರು ದಿನ. ಎಣ್ಣೆ ಬಿಟ್ಟಾಗಲೆಲ್ಲ ತಲೆಯ ಮೇಲೆ ಸುತ್ತಿಗೆಯಿಂದ ಹಗುರಾಗಿ ನಾಲ್ಕು ಏಟು. ಆ ಅದುರಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ನಾಲ್ಕನೆಯ ದಿನ ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಸ್ಕ್ರೂ ತಲೆಗೆ ಒತ್ತಿ ಹಿಡಿದರು. ಬಣ್ಣವೂ ಪೆಟ್ರೋಲೂ ಇರುವಲ್ಲಿ ಉರಿ ಹಿಡಿಯುವಂತಿಲ್ಲ. ಬಿಸಿಗೆ ಸ್ಕ್ರೂ ಹಿಗ್ಗಿ, ಆರಿ ಕುಗ್ಗುವಾಗ ತುಕ್ಕಿನ ಹಿಡಿತ ಒಂದಿಷ್ಟು ಸಡಿಲುತ್ತದೆ. ಕಡೆಗೆ ಬಂದದ್ದು ಇಂಪ್ಯಾಕ್ಟ್ ಡ್ರೈವರು. ಇದು ಗಟ್ಟಿ ಉಕ್ಕಿನ ದಪ್ಪ ಪೇಚಕಸ. ಅದರ ಬುಡಕ್ಕೆ ಸುತ್ತಿಗೆಯಿಂದ ಹೊಡೆದರೆ ತುದಿ ಸ್ಕ್ರೂವಿನೊಳಕ್ಕೆ ಒತ್ತಿಕೊಳ್ಳುತ್ತಲೇ ಒಂದಿಷ್ಟು ತಿರುಗುತ್ತದೆ. ಒತ್ತುವುದೂ ತಿರುಗಿಸುವುದೂ ಒಂದೇ ಏಟಿನಲ್ಲಿ ಆಗುವುದರಿಂದ ಗುಳಿಯಿಂದ ಜಾರುವುದಿಲ್ಲ.

ಈ ವಿಧಾನದಿಂದ ಮೂರು ಸ್ಕ್ರೂಗಳು ‘ಟಕ್’ ಎಂದು ಬಿಟ್ಟುಕೊಟ್ಟವು. ಆ ಸಪ್ಪಳದಲ್ಲಿ ಎಂಥ ಸುಖವಿದೆಯೆಂದು ಅನುಭವಿಸಿದವರೇ ಬಲ್ಲರು.

ಅಷ್ಟರಲ್ಲಿ ನನ್ನ ಬುದ್ಧಿ ಕೆಟ್ಟಿತು. ನೆರೆಯವರು ಚಹಕ್ಕೆ ಒಳಗೆ ಹೋದಾಗ, ನಾಲ್ಕನೆಯದನ್ನು ನಾನೇ ತೆಗೆದು ತೋರಿಸೋಣವೆಂದು ಕೈಗೆ ಸಿಕ್ಕ ಪೇಚಕಸ ಒತ್ತಿ, ಇದ್ದ ಬಲವೆಲ್ಲ ಹಾಕಿ ತಿರುಗಿಸಿದೆ. ಕರಕ್ಕೆಂದಿತು. ಸ್ಕ್ರೂ ಅಲುಗಲಿಲ್ಲ, ತಲೆಯ ಗುಳಿ ಸವೆದು ದುಂಡಗಾಯಿತು. ಅದು ಪೋಜಿಡ್ರೈವ್ ಜಾತಿಯ ಸ್ಕ್ರೂ, ನಾನು ಹಾಕಿದ್ದು ಫಿಲಿಪ್ಸ್ ಜಾತಿಯ ಪೇಚಕಸ. ಎರಡೂ ನೋಡಲಿಕ್ಕೆ ಒಂದೇ ಅಧಿಕಚಿಹ್ನೆ. ಪೋಜಿಡ್ರೈವಿನ ತಲೆಯಲ್ಲಿ ಮಾತ್ರ ಆ ಚಿಹ್ನೆಯ ನಡುನಡುವೆ ನಾಲ್ಕು ಸಣ್ಣ ಗೀರುಗಳಿರುತ್ತವೆ. ಅದು ಇದಕ್ಕೆ ಕೂರುವುದಿಲ್ಲ. ನಾನು ಗೀರು ನೋಡಿರಲಿಲ್ಲ.

ಅಂದು ಗುರುವಾರ. ಶನಿವಾರಕ್ಕೆ ಎರಡೇ ದಿನ. ಬಂದು ನೋಡಿದ ನೆರೆಯವರು ಒಂದು ಕ್ಷಣ ಸುಮ್ಮನಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ನಾಳೆ ನೋಡೋಣ” ಎಂದು ಇನ್ನೆರಡು ಹನಿ ಎಣ್ಣೆ ಬಿಟ್ಟು ದೀಪ ಆರಿಸಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಂದೆ ಕಣ್ಣಿಗೆ ಕಟ್ಟಿದರು. ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನಲ್ಲಿ ಅವರು ಫಿಟ್ಟರು. ಸಂಜೆ ಮನೆಗೆ ಬಂದರೆ ಚಿಮಣಿ ಎಣ್ಣೆಯ ವಾಸನೆ. ಉಗುರಿನ ಸಂದಿನ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನನ್ನ ಶಾಲೆಯ ಸಮಾರಂಭಕ್ಕೆ ಅವರು ಬರದಿದ್ದರೆ ಒಳಗೊಳಗೇ ಸಮಾಧಾನಪಡುತ್ತಿದ್ದ ಮಗ ನಾನು. ನೌಕರಿಯ ಅರ್ಜಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ‘ತಂದೆ ರೈಲ್ವೇದಲ್ಲಿದ್ದಾರೆ’ ಎಂದಷ್ಟೇ ಹೇಳಿಕೊಂಡು ಬಂದೆ. ೧೯೮೧ರಲ್ಲಿ ಅವರು ತೀರಿಕೊಂಡ ಮೇಲೂ ಅದೇ ಮಾತು ನಡೆಯಿತು. ಒಮ್ಮೆ ಸೈಕಲ್ಲಿನ ಒಂದು ಪೇಚು ಬಿಚ್ಚಲು ನಾನು ಒದ್ದಾಡುತ್ತಿದ್ದಾಗ ಅವರು ಪಕ್ಕದಲ್ಲಿ ಕೂತು ಹೇಳಿದ್ದರು: “ಅವಸರಾ ಮಾಡಬ್ಯಾಡೊ ತಮ್ಮಾ. ಜಂಗ ಹಿಡದದ. ಮೊದಲ ಒಂಚೂರು ಬಿಗಿ ಮಾಡು, ಆಮ್ಯಾಲೆ ಬಿಚ್ಚು.” ಬಿಚ್ಚಬೇಕಾದ್ದನ್ನು ಬಿಗಿ ಮಾಡುವುದೇ? ಹಳಬರ ಹುಚ್ಚೆಂದು ಎದ್ದುಹೋಗಿದ್ದೆ.

ಮರುದಿನ ನೆರೆಯವರು ಕೆಟ್ಟ ಸ್ಕ್ರೂವಿನ ನಡುವೆ ಚುಕ್ಕೆ ಹೊಡೆದು, ಎಡಕ್ಕೆ ತಿರುಗುತ್ತ ಕೊರೆಯುವ ಡ್ರಿಲ್ಲು ಹಚ್ಚಿದರು. ಸಾಮಾನ್ಯ ಡ್ರಿಲ್ಲು ಬಲಕ್ಕೆ ಸುತ್ತಿ ಸ್ಕ್ರೂವನ್ನು ಇನ್ನಷ್ಟು ಬಿಗಿಯುತ್ತದೆ. ಇದು ಕೊರೆಯುತ್ತಲೇ ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ಬಹಳ ನಿಧಾನವಾಗಿ ಕೊರೆದರು. ಕಾಲು ಗಂಟೆಯ ಮೇಲೆ ಅದು ಡ್ರಿಲ್ಲಿನ ತುದಿಗೆ ಕಚ್ಚಿಕೊಂಡು ಹೊರಗೆ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು.

ಐದನೆಯದಕ್ಕೆ ಇಂಪ್ಯಾಕ್ಟ್ ಡ್ರೈವರೂ ಸೋತಿತು. ನಾನು ಅಳುಕುತ್ತ, “ಮೊದಲು ಒಂದಿಷ್ಟು ಬಿಗಿಯುವ ಕಡೆಗೆ ತಿರುಗಿಸಿ ನೋಡಬಹುದೆ?” ಎಂದೆ. ಅವರು ನನ್ನ ಮುಖ ನೋಡಿದರು, ಡ್ರೈವರಿನ ದಿಕ್ಕು ಬದಲಿಸಿ ಒಂದು ಏಟು ಹಾಕಿದರು. ಕೂದಲೆಳೆಯಷ್ಟು ಅಲುಗಿತು. ತುಕ್ಕಿನ ಪದರು ಮುರಿಯಲು ಅಷ್ಟು ಸಾಕು, ಯಾವ ಕಡೆಗಾದರೇನು? ಮತ್ತೆ ದಿಕ್ಕು ಬದಲಿಸಿ ಎರಡು ಏಟು. ಟಕ್!

“ಇದನ್ನು ಎಲ್ಲಿ ಕಲಿತಿರಿ? ನಮ್ಮ ಅಣ್ಣ ಹೀಗೆಯೇ ಮಾಡುತ್ತಿದ್ದ” ಎಂದರು.

“ನಮ್ಮ ತಂದೆಯವರಿಂದ.”

“ಅವರೇನು ಮಾಡುತ್ತಿದ್ದರು?”

ನಾಲಿಗೆಯ ತುದಿಗೆ ಹಳೆಯ ಉತ್ತರವೇ ಬಂತು. ಅದನ್ನು ನುಂಗಿಕೊಂಡು ಹೇಳಿದೆ: “ರೈಲ್ವೆ ವರ್ಕಶಾಪಿನಲ್ಲಿ ಫಿಟ್ಟರು.”

ಅಂದು ಬೇಗ ಮನೆಗೆ ಬಂದಿದ್ದ ಮಗ ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಅಪ್ಪಾ, ಅಜ್ಜ ಫಿಟ್ಟರಾಗಿದ್ದರಾ? ನೀವು ಒಂದು ದಿನವೂ ಹೇಳಲೇ ಇಲ್ಲವಲ್ಲ” ಎಂದ. ಅವನಿಗಾಗ ಮೂವತ್ತೊಂಬತ್ತು ವರ್ಷ. ಆ ರಾತ್ರಿ ಊಟವಾದ ಮೇಲೆ ಹುಬ್ಬಳ್ಳಿಯ ಮನೆ, ವರ್ಕಶಾಪಿನ ಭೋಂಗಾ, ಅಜ್ಜನ ಕೈಗಳ ಸಂಗತಿಯನ್ನೆಲ್ಲ ಹೇಳಿದೆ. ನನ್ನಾಕೆಗೂ ಅದರಲ್ಲಿ ಅರ್ಧ ಹೊಸದು.

ಶನಿವಾರ ಹೊಸ ಬಿಜಾಗರಿಯ ಮೇಲೆ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಹೊಸ ಸ್ಕ್ರೂಗಳಿಗೆ ತಾಮ್ರದ ಪುಡಿ ಬೆರೆತ ಗ್ರೀಸು ಸವರಿ ಕೂರಿಸಿದ್ದರು. ಮುಂದೆ ಬಿಚ್ಚುವವನಿಗೆ ತೊಂದರೆಯಾಗಬಾರದಲ್ಲ. ಅಣ್ಣನವರನ್ನು ಇಬ್ಬರು ಹಿಡಿದು ಕೂರಿಸಿದೆವು. ಅವರು ಏನೂ ಮಾತಾಡಲಿಲ್ಲ. ಬಾಗಿಲನ್ನು ಒಮ್ಮೆ ತೆರೆದರು, ಮುಚ್ಚಿದರು, ಅಂಚಿನ ಸಂದಿನ ಮೇಲೆ ಹೆಬ್ಬೆರಳು ಎಳೆದು ಸಮ ಇದೆಯೇ ಎಂದು ನೋಡಿದರು, ತಲೆದೂಗಿದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಾನೂ ಮಗನೂ ರಸ್ತೆಯಲ್ಲಿ ನಿಂತಿದ್ದೆವು.

ಕೆಟ್ಟ ಸ್ಕ್ರೂವನ್ನು ನಾನು ಕೇಳಿ ತಂದೆ. ಮಾಹಿಮಿನ ಮನೆಯಲ್ಲಿ ಮೇಜಿನ ಮೇಲಿದೆ. ಸಮುದ್ರದ ಗಾಳಿಗೆ ನಮ್ಮ ಕಿಟಕಿಯ ಜಾಲರಿಯ ಸ್ಕ್ರೂಗಳೂ ಕಚ್ಚಿಕೊಂಡಿವೆ. ದಿನಾಲು ಎರಡು ಹನಿ ಎಣ್ಣೆ ಬಿಡುತ್ತಿದ್ದೇನೆ. ಹೋದ ವಾರ ಮೊದಲನೆಯದನ್ನು ಒಂಚೂರು ಬಿಗಿ ಮಾಡಿ, ಆಮೇಲೆ ಬಿಚ್ಚಿದೆ.