ಕರಿಯಪ್ಪಜ್ಜ ಮತ್ತು ಕರ್ಯಾ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಕೇರಿಯಾಗ ನಾಯಿ ಸಾಕೋರಿಗೆ ಎರಡು ಮಾತು.

ಜೋಳದ ರೊಟ್ಟಿ, ಅನ್ನ, ಬೇಯಿಸಿದ ತತ್ತಿ, ಎಲುಬು ತೆಗೆದ ಮಾಂಸ ಹಾಕ್ರಿ. ಉಳಿದ ಸಾರು ಬ್ಯಾಡ. ಅದರೊಳಗಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತ ಕೆಡಿಸ್ತಾವ. ದ್ರಾಕ್ಷಿ, ಚಾಕಲೇಟ್ ವಿಷ. ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚತೈತಿ.

ಇನ್ನು ಹೆಸರು. ನಮ್ಮ ಕರಿಯಪ್ಪಜ್ಜ ಊರವರ ಬಾಯಾಗ ಬರೀ ‘ಕರ್ಯಾ’. ಅವರ ನಾಯಿಗೂ ಅದ ಹೆಸರು. ಮಹಾಡದ ಚವದಾರ ಕೆರೆಯಲ್ಲಿ ಪ್ರಾಣಿಗಳು ನೀರು ಕುಡೀಬಹುದಿತ್ತು, ನಮ್ಮವರು ಮುಟ್ಟಂಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅದೇ ನೀರು ಕುಡಿದರು. ನಮ್ಮ ಸಿಟ್ಟು ನಾಯಿ ಮೇಲಲ್ಲ. ನಾಯಿಗೆ ಮೋತಿ ಅನ್ರಿ, ರಾಜಾ ಅನ್ರಿ. ಅಜ್ಜನ್ನ ಮಾತ್ರ ಕರಿಯಪ್ಪನವರ ಅಂತನ ಕರೀರಿ.

ಜೈಭೀಮ್.