ನಾನು ಹೊಡೆದುಹಾಕಿದ ‘ವೆರಿ’



ಕಳೆದ ದೀಪಾವಳಿಯ ಮರುದಿನ ಬೆಸಗರಹಳ್ಳಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಈಗ ಆಕೆಯೂ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ. ತವರಿನ ಅಟ್ಟವನ್ನು ಚೊಕ್ಕಟ ಮಾಡುವಾಗ ಸಿಕ್ಕಿತೆಂದು, 1993ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಬರೆದ ಇಂಗ್ಲಿಷ್ ಪ್ರಬಂಧದ ನೋಟ್‌ಬುಕ್ಕನ್ನು ಜೊತೆಗೆ ತಂದಿದ್ದಳು. ‘ಮೈ ಗ್ರ್ಯಾಂಡ್‌ಮದರ್’ ಎಂಬ ಪ್ರಬಂಧ. ಒಂದೂವರೆ ಪುಟದ ಬರಹದಲ್ಲಿ ಏಳು ಬಾರಿ ‘ವೆರಿ’ ಬಂದಿತ್ತು. ಏಳನ್ನೂ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಕೊನೆಯ ಸಾಲು ‘ಐ ವೆರಿ ಮಿಸ್ ಹರ್’ ಎಂದಿತ್ತು. ಅದನ್ನು ‘ಐ ಮಿಸ್ ಹರ್’ ಎಂದು ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಸಹಿ ಹಾಕಿದ್ದೆ.

“ತಪ್ಪು ತೋರಿಸಿದ್ದು ಸರಿಯೇ ಸಾರ್. ಆದರೆ ಆ ಕೊನೆಯದೊಂದನ್ನ ಉಳಿಸಬಹುದಿತ್ತು. ಅಜ್ಜಿ ತೀರಿಕೊಂಡು ಆಗಿನ್ನೂ ಹದಿನೈದು ದಿನ ಆಗಿತ್ತು” ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಆಕೆ ಹೋದ ಮೇಲೆ ಈ ಪುಟ್ಟ ಪದದ ವಿಚಾರ ನನ್ನನ್ನು ಹಲವು ದಿನ ಕಾಡಿತು. ಮಾತಿಗೆ ಒತ್ತು ಕೊಡುವ ಇಂಥ ಕ್ರಿಯಾವಿಶೇಷಣಗಳನ್ನು ಮೂವತ್ತೈದು ವರ್ಷ ಮಕ್ಕಳಿಗೆ ಬೋಧಿಸಿದವನು ನಾನು. ಬೋಧಿಸಿದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ಈಗಲಾದರೂ ಬರೆದಿಡಬೇಕೆನಿಸಿದೆ.

ಮೊದಲು ಮಕ್ಕಳ ಕಡೆಯಿಂದ ನೋಡೋಣ. ಆಗ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷ್ ಅಕ್ಷರ ಕಲಿಯಲು ತೊಡಗುತ್ತಿದ್ದುದು ಐದನೆಯ ತರಗತಿಯಲ್ಲಿ. ಮನೆಯಲ್ಲಿ, ಗದ್ದೆಯಲ್ಲಿ, ಆಲೆಮನೆಯಲ್ಲಿ ಅವರ ಕಿವಿಗೆ ಬೀಳುತ್ತಿದ್ದುದು ನಮ್ಮ ಮಂಡ್ಯದ ಕನ್ನಡ. ನಮ್ಮೂರಿನ ಹೆಸರನ್ನೇ ಹೊತ್ತ ಕಥೆಗಾರ, ವೈದ್ಯರಾಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರು ಕಥೆಗಳಿಗೆ ತಂದದ್ದೂ ಈ ಮಣ್ಣಿನ ಮಾತನ್ನೇ. ನಮ್ಮ ಹಿರಿಯರು ‘ಬೋ ಚೆಂದಾಗದೆ’ ಎನ್ನುತ್ತಾರೆ, ‘ಬೋ ಕಷ್ಟಪಟ್ಟ’ ಎಂದೂ ಎನ್ನುತ್ತಾರೆ. ‘ಬಹು’ ಎಂಬುದೇ ಇವರ ಬಾಯಲ್ಲಿ ‘ಬೋ’ ಆಗಿದೆ. ಗುಣವನ್ನು ಹೇಳುವ ಪದದ ಮುಂದೆಯೂ ಅದು ನಿಲ್ಲುತ್ತದೆ, ಕ್ರಿಯಾಪದದ ಮುಂದೆಯೂ ನಿಲ್ಲುತ್ತದೆ. ‘ತುಂಬಾ’, ‘ಬಹಳ’ಗಳೂ ಹಾಗೆಯೇ. ಇಂಗ್ಲಿಷಿನ ‘ವೆರಿ’ಗೆ ಆ ಸ್ವಾತಂತ್ರ್ಯವಿಲ್ಲ. ‘ವೆರಿ ಗುಡ್’ ಸರಿ, ‘ವೆರಿ ಲೈಕ್’ ತಪ್ಪು. ಕ್ರಿಯಾಪದಕ್ಕೆ ಒತ್ತು ಬೇಕಾದರೆ ವಾಕ್ಯದ ಕೊನೆಯಲ್ಲಿ ‘ವೆರಿ ಮಚ್’ ಎಂದು ಸೇರಿಸಬೇಕು. ಎಂದರೆ ಆ ಹುಡುಗಿ ‘ತುಂಬಾ ನೆನಪಾಗುತ್ತಾಳೆ’ ಎಂಬ ಕನ್ನಡದ ದಾರಿಯಲ್ಲೇ ನಡೆದು ಇಂಗ್ಲಿಷಿನಲ್ಲಿ ಎಡವಿದ್ದಳು. ‘ಐ ಮಿಸ್ ಹರ್ ವೆರಿ ಮಚ್’ ಎಂದು ತಿದ್ದಿದ್ದರೆ ವ್ಯಾಕರಣವೂ ಉಳಿಯುತ್ತಿತ್ತು, ಅವಳ ದುಃಖವೂ ಉಳಿಯುತ್ತಿತ್ತು. ನಾನು ವ್ಯಾಕರಣವನ್ನು ಮಾತ್ರ ಉಳಿಸಿದೆ.

‘ವೆರಿ ಬೆಟರ್’ ಎಂಬ ತಪ್ಪಿಗೂ ಕಾರಣ ಇಂಥದೇ. ‘ಇದಕ್ಕಿಂತ ಅದು ತುಂಬಾ ಒಳ್ಳೆಯದು’ ಎನ್ನುವಾಗ ಕನ್ನಡದಲ್ಲಿ ‘ಒಳ್ಳೆಯದು’ ಎಂಬ ಪದ ರೂಪ ಬದಲಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಗುಡ್’ ಹೋಗಿ ‘ಬೆಟರ್’ ಬರುತ್ತದೆ. ಆಗ ‘ವೆರಿ’ಯ ಜಾಗಕ್ಕೆ ‘ಮಚ್’ ಬರಬೇಕು.

ಇನ್ನು ‘ಟೂ’. ‘ಅವರ್ ಸ್ಕೂಲ್ ಈಸ್ ಟೂ ಗುಡ್’ ಎಂದು ಬರೆಯದ ಮಕ್ಕಳೇ ಇರಲಿಲ್ಲ. ಎಸ್ಸೆಸ್ಸೆಲ್ಸಿಗೆ ‘ಟೂ... ಟು’ ವಾಕ್ಯವನ್ನು ‘ಸೋ... ದಟ್’ ಮಾಡುವ ಅಭ್ಯಾಸವನ್ನು ಯಂತ್ರದಂತೆ ಮಾಡಿಸುತ್ತಿದ್ದೆವೇ ಹೊರತು ‘ಟೂ’ ಎಂದರೆ ಮಿತಿ ಮೀರಿದ್ದು ಎಂಬ ಅರ್ಥ ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ. ಕೊನೆಗೆ ನನಗೆ ನೆರವಾದದ್ದು ಆಲೆಮನೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ‘ವೆರಿ ಹಾಟ್’. ಬೆಲ್ಲ ಆಗಬೇಕಾದರೆ ಅದು ಹಾಗೆ ಕುದಿಯಲೇಬೇಕು, ಅದರಲ್ಲಿ ದೋಷವಿಲ್ಲ. ಅದಕ್ಕೆ ಬೆರಳು ಅದ್ದಹೊರಟವನಿಗೆ ಅದು ‘ಟೂ ಹಾಟ್’. ಈ ಉದಾಹರಣೆ ಕೊಟ್ಟ ಮೇಲೆ ನಮ್ಮ ಹುಡುಗರು ಆ ತಪ್ಪನ್ನು ಬಹುಮಟ್ಟಿಗೆ ಬಿಟ್ಟರು.

ಮತ್ತೊಂದು ಸಂಗತಿಯನ್ನೂ ಕನ್ನಡದಿಂದಲೇ ತಿಳಿಸುತ್ತಿದ್ದೆ. ನಾವು ಹಚ್ಚಹಸಿರು ಎನ್ನುತ್ತೇವೆ, ಕಗ್ಗತ್ತಲೆ ಎನ್ನುತ್ತೇವೆ, ಸುಡುಬಿಸಿಲು, ಬಟ್ಟಬಯಲು ಎನ್ನುತ್ತೇವೆ. ‘ಹಚ್ಚಗತ್ತಲೆ’ ಎಂದು ಯಾರೂ ಅನ್ನುವುದಿಲ್ಲ. ಒತ್ತು ಕೊಡುವ ಮಾತಿಗೂ ಅದರದೇ ಆದ ಜೋಡಿಯುಂಟು. ಇಂಗ್ಲಿಷಿನಲ್ಲೂ ಹಾಗೆಯೇ. ಗಾಢ ನಿದ್ರೆಯಲ್ಲಿರುವವನು ‘ಫಾಸ್ಟ್ ಅಸ್ಲೀಪ್’, ಪೂರ್ತಿ ಎಚ್ಚರವಾಗಿರುವವನು ‘ವೈಡ್ ಅವೇಕ್’. ಬಲವಾಗಿ ಗಾಯಗೊಂಡವನು ‘ಬ್ಯಾಡ್ಲಿ ಇಂಜರ್ಡ್’, ಮನಸಾರೆ ಕೃತಜ್ಞನಾದವನು ‘ಡೀಪ್ಲಿ ಗ್ರೇಟ್‌ಫುಲ್’. ಇವುಗಳಿಗೆ ಸೂತ್ರವಿಲ್ಲ. ಓದಿ, ಕೇಳಿ, ಜೋಡಿಯಾಗಿಯೇ ನೆನಪಿಡಬೇಕು. ಎಲ್ಲಕ್ಕೂ ‘ವೆರಿ’ ಹಚ್ಚುವುದು ಎಲ್ಲ ಅಡುಗೆಗೂ ಒಂದೇ ಪುಡಿ ಹಾಕಿದಂತೆ.

ಇಷ್ಟೆಲ್ಲ ತಿಳಿದಿದ್ದ ನಾನು ಏಳು ‘ವೆರಿ’ಗಳನ್ನೂ ಏಕೆ ಹೊಡೆದೆ? ಆಗ ನಾನು ವಿಲಿಯಂ ಸ್ಟ್ರಂಕ್ ಅವರ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಸಣ್ಣ ಪುಸ್ತಕವನ್ನು ಹೊಸದಾಗಿ ಓದಿದ್ದೆ. ಇ. ಬಿ. ವೈಟ್ ಅವರು ಅದನ್ನು ಪರಿಷ್ಕರಿಸಿ 1959ರಲ್ಲಿ ಹೊರತಂದರು. ‘ವೆರಿ’, ‘ರಾದರ್’, ‘ಪ್ರೆಟಿ’ ಮುಂತಾದವು ವಾಕ್ಯದ ಸತ್ವವನ್ನು ಹೀರುತ್ತವೆಂದು ಅದು ಎಚ್ಚರಿಸುತ್ತದೆ. ಭಾಷೆಯನ್ನು ಬಲ್ಲವರಿಗೆ ಹೇಳಿದ ಆ ಹಿತವಚನವನ್ನು, ಇಂಗ್ಲಿಷಿನಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದ ಮಕ್ಕಳ ಮೇಲೆ ಕಾನೂನಿನಂತೆ ಹೇರಿದೆ.

ಹಾಗೆಂದು ಆ ಪುಸ್ತಕದ ಮಾತು ಸುಳ್ಳಲ್ಲ. ಅದರ ಸತ್ಯವನ್ನು ನಾನು ನನ್ನ ಬರಹದಿಂದಲೇ ಕಲಿಯಬೇಕಾಯಿತು. ಬಡ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನಕ್ಕಾಗಿ ಹೊರರಾಜ್ಯದ ಒಂದು ಟ್ರಸ್ಟಿಗೆ ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಬರೆದಿದ್ದೆ. ಹುಡುಗ ‘ಎಕ್ಸ್‌ಟ್ರೀಮ್ಲಿ ಬ್ರಿಲಿಯಂಟ್’, ಕುಟುಂಬ ‘ವೆರಿ ವೆರಿ ಪೂರ್’, ಸಹಾಯಕ್ಕೆ ‘ಅಬ್ಸಲ್ಯೂಟ್ಲಿ’ ಅರ್ಹ, ಹೀಗೆ ಪುಟದ ತುಂಬ. ಉತ್ತರವೇ ಬರಲಿಲ್ಲ. ಮರುವರ್ಷ ಮತ್ತೆ ಬರೆಯುವಾಗ ಅಂಥ ಒಂದು ಪದವನ್ನೂ ಸೇರಿಸಲಿಲ್ಲ. ತಂದೆ ಕಬ್ಬು ಕಡಿಯುವ ಕೂಲಿ ಎಂದು, ಹುಡುಗ ದಿನವೂ ಹೋಗಿಬರಲು ಎಂಟು ಕಿಲೋಮೀಟರ್ ನಡೆಯುತ್ತಾನೆಂದು, ಗಣಿತದಲ್ಲಿ ತೊಂಬತ್ತೆರಡು ಅಂಕ ಪಡೆದಿದ್ದಾನೆಂದು, ವರ್ಷವಿಡೀ ಎರಡೇ ದಿನ ಶಾಲೆ ತಪ್ಪಿಸಿದ್ದಾನೆಂದು ಬರೆದೆ. ಎರಡು ತಿಂಗಳಲ್ಲಿ ಹಣ ಬಂತು. ಎರಡನೆಯ ವರ್ಷದ ಅದೃಷ್ಟ ಬೇರೆಯಿತ್ತೋ ಏನೋ, ಆದರೆ ಎರಡೂ ಪತ್ರಗಳ ನಕಲನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ನಾನಾಗಿದ್ದರೂ ಎರಡನೆಯದನ್ನೇ ನಂಬುತ್ತಿದ್ದೆ.

ಈ ಎರಡು ಅನುಭವಗಳನ್ನು ಸೇರಿಸಿ ನೋಡಿದಾಗ ನನಗೆ ತೋರುವುದು ಇಷ್ಟು. ಎಣಿಸಬಹುದಾದದ್ದನ್ನು, ಕಣ್ಣಿಗೆ ತೋರಿಸಬಹುದಾದದ್ದನ್ನು ಎಣಿಸಿ, ತೋರಿಸಿ ಬರೆಯಬೇಕು. ಅಲ್ಲಿ ‘ವೆರಿ’ ಬೇಡ. ಎಂಟು ಕಿಲೋಮೀಟರಿನ ಮುಂದೆ ‘ವೆರಿ ಪೂರ್’ ಏನೂ ಅಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗಿಯ ಮನಸ್ಸಿನಲ್ಲಿ ಸತ್ತ ಅಜ್ಜಿ ಎಷ್ಟು ನೆನಪಾಗುತ್ತಾಳೆಂಬುದಕ್ಕೆ ಲೆಕ್ಕವಿಲ್ಲ. ಅಲ್ಲಿ ಒಂದು ‘ವೆರಿ ಮಚ್’ ಇರಲೇಬೇಕು. ಉಳಿದ ಆರನ್ನು ಬಿಟ್ಟರೆ ಆ ಒಂದಕ್ಕೆ ಬಲ ಬರುತ್ತದೆ. ಆ ಆರನ್ನು ಹೊಡೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಏಳನೆಯದಕ್ಕೆ ಇದೆ.

‘ವೆರಿ’ಯ ಮೂಲ ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ ಅದು, ಅದರ ಹಿಂದೆ ಲ್ಯಾಟಿನ್ ಇದೆ. ಮೊದಲ ಅರ್ಥ ‘ನಿಜವಾದ’ ಎಂದು. ಬಳಸಿ ಬಳಸಿ ಸವೆದು ಬರಿಯ ‘ತುಂಬಾ’ ಆಯಿತು. ನಾವು ‘ನಿಜಕ್ಕೂ’ ಎನ್ನುವುದೂ ಅದೇ ದಾರಿಯಲ್ಲಿದೆ. ಆ ಹಳೆಯ ಅರ್ಥದಲ್ಲಿ ನೋಡಿದರೆ ಆ ಮಗು ಬರೆದದ್ದು ‘ಅಜ್ಜಿ ನಿಜವಾಗಿ ನೆನಪಾಗುತ್ತಾಳೆ’ ಎಂದು.

ಹೊರಡುವ ಮುನ್ನ ಆಕೆ ನೋಟ್‌ಬುಕ್ಕನ್ನು ನನ್ನ ಮುಂದೆ ಚಾಚಿ, “ಈಗ ತಿದ್ದಿ ಕೊಡಿ ಸಾರ್” ಎಂದಿದ್ದಳು. ಮೂವತ್ತು ವರ್ಷಕ್ಕೂ ಹಿಂದಿನ ನನ್ನ ಕೆಂಪು ಗೀಟಿನ ಕೆಳಗೆ ‘ವೆರಿ ಮಚ್’ ಎಂದು ನೀಲಿ ಶಾಯಿಯಲ್ಲಿ ಬರೆದುಕೊಟ್ಟೆ. ಅಂಕವನ್ನು ಬದಲಿಸಲು ಹೋದಾಗ, “ಅದು ಇರಲಿ ಬಿಡಿ ಸಾರ್” ಎಂದಳು.

ನಿಮ್ಮ ನೋಟ್‌ಬುಕ್ಕುಗಳಲ್ಲಿಯೂ ಇಂಥ ಗೀಟುಗಳು ಉಳಿದಿರಬಹುದು. ಬೆಸಗರಹಳ್ಳಿಯ ಕಡೆ ಬಂದಾಗ ತನ್ನಿ, ಕೂತು ನೋಡೋಣ.