ಹಬ್ಬದ ಮಾರನೇ ದಿನ

ಹಿಂದಿನ ಕಾಲದ ಹಬ್ಬವೇ ಚೆನ್ನಾಗಿತ್ತು ಎಂದು ಯಾರಾದರೂ ಶುರು ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ಆಗ ಆ ಮನೆಯಲ್ಲಿ ನಿಮ್ಮ ಪಾಲಿನ ಕೆಲಸ ಯಾವುದಿತ್ತು? ಮುದ್ದೇನಹಳ್ಳಿ ಸುತ್ತಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾ ಸರ್ವಿಸಿನ ಬಹುಪಾಲು ಕಳೆದು ನಿವೃತ್ತಳಾದವಳು ನಾನು. ಅಲ್ಲಿನ ಸ್ಟಾಫ್ ರೂಮಿನಲ್ಲಿ ಹಬ್ಬದ ಮಾತು ಬರುತ್ತಿದ್ದದ್ದು ಹಬ್ಬದ ಮಾರನೇ ದಿನ. ಊಟದ ಬೆಲ್ ಆದ ಕೂಡಲೇ ಉತ್ತರ ಪತ್ರಿಕೆಗಳ ಕಟ್ಟು ಕಿಟಕಿ ಮೇಲಕ್ಕೆ ಹೋಗುತ್ತಿತ್ತು, ಸ್ಟೀಲ್ ಡಬ್ಬಿಗಳು ಮೇಜಿಗೆ ಬರುತ್ತಿದ್ದವು. ಗಂಡಸರ ನೆನಪು ಎಲೆಯ ಮುಂದೆ ಕೂತಲ್ಲಿಂದ ಶುರುವಾಗುತ್ತಿತ್ತು. ನಮ್ಮದು ಹಿಂದಿನ ದಿನ ಒರಳಿನ ಮುಂದೆ ಕೂತಲ್ಲಿಂದ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ನಾಲ್ಕೂ ಕಡೆಯವರು ನಮ್ಮಲ್ಲಿದ್ದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲ ಕೋಲಾರ ಜಿಲ್ಲೆಯವರು, ಒಂದು ಸಹಿ ಬೇಕಾದರೂ ಕೋಲಾರದ ಬಸ್ಸು ಹತ್ತಬೇಕಿತ್ತು. ಅರ್ಧ ಜನರ ಮನೆಮಾತು ತೆಲುಗು, ಜಗಳ ಮಾತ್ರ ಎಲ್ಲರದೂ ಕನ್ನಡದಲ್ಲಿ. ಒಂದು ವಿಷಯದಲ್ಲಿ ಎಲ್ಲರ ನೆನಪೂ ಒಂದೇ ಇತ್ತು. ಹಬ್ಬಕ್ಕೆ ಕಾಯುವುದೆಂದರೆ ಅನ್ನಕ್ಕೆ ಕಾಯುವುದು. ಮೂರು ಹೊತ್ತೂ ರಾಗಿ ತಿಂದವರು ನಾವು, ಬೆಳಿಗ್ಗೆ ತಂಗಳು ಮುದ್ದೆ, ರಾತ್ರಿ ಬಿಸಿ ಮುದ್ದೆ. ಬಿಳೀ ಅನ್ನ ಕಂಡರೆ ಯುಗಾದಿಯೋ ದೀಪಾವಳಿಯೋ ಆಗಿರಬೇಕು, ಇಲ್ಲವೇ ಮನೆಗೆ ನೆಂಟರು ಬಂದಿರಬೇಕು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ, ಅದಕ್ಕೂ ಮುಂಚೆ ಶಾಲೆಗೆ ಬಿಸಿಯೂಟ ಬಂದ ಮೇಲೆ, ಅನ್ನಕ್ಕೆ ಆ ಮರ್ಯಾದೆ ಉಳಿದಿಲ್ಲ. ಈಗ ಡಾಕ್ಟರು ಬರೆದುಕೊಟ್ಟರೆ ಜನ ಮುದ್ದೆಗೆ ವಾಪಸ್ ಬರುತ್ತಾರೆ. ಹಬ್ಬದ ಊಟ ಸಪ್ಪೆಯಾಯಿತು ಎಂದು ಕೊರಗುವವರು ದಿನದ ಊಟ ಎಷ್ಟು ಸುಧಾರಿಸಿತು ಎನ್ನುವುದನ್ನೂ ಅದರ ಜೊತೆಗೇ ಹೇಳಬೇಕು.

ನನ್ನ ಸರದಿ ಬಂದಾಗ ನಾನು ಹೇಳುತ್ತಿದ್ದದ್ದು ನೋಮಿನ ವಿಷಯ. ನಮ್ಮ ಕಡೆ ದೀಪಾವಳಿ ಎಂದರೆ ಪಟಾಕಿಗಿಂತ ದೊಡ್ಡದು ಕೇದಾರೇಶ್ವರನ ನೋಮು. ಕಜ್ಜಾಯ, ಬಾಳೆಹಣ್ಣು, ಎಲೆ, ಅಡಿಕೆ ಎಲ್ಲವನ್ನೂ ಇಪ್ಪತ್ತೊಂದರ ಲೆಕ್ಕದಲ್ಲಿ ಮೊರಕ್ಕೆ ಜೋಡಿಸಿಕೊಂಡು ಗುಡಿಗೆ ಹೋಗಿ ನೋಮಿ, ನೋಮುದಾರ ಕಟ್ಟಿಸಿಕೊಂಡು ಬರುವುದು. ನೋಮು ಇರುವ ಮನೆ, ಇಲ್ಲದ ಮನೆ ಎಂದು ಊರಲ್ಲಿ ಎರಡು ಬಗೆ. ಇದ್ದದ್ದನ್ನು ನಡುವೆ ಬಿಡುವ ಹಾಗಿಲ್ಲ.

ಕಜ್ಜಾಯಕ್ಕೆ ಅಕ್ಕಿ ನೆನೆಸಿ, ಬಸಿದು, ಬಟ್ಟೆಯ ಮೇಲೆ ಹರವಿ, ಇನ್ನೂ ಪಸೆಯಿರುವಾಗಲೇ ಕುಟ್ಟಬೇಕು. ಪೂರ್ತಿ ಒಣಗಿದರೆ ಕಜ್ಜಾಯ ಹಲ್ಲಿಗೆ ಸವಾಲು, ಹಸಿ ಹೆಚ್ಚಿದ್ದರೆ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಬೆಲ್ಲದ ಪಾಕ ನೋಡಲು ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉರುಳಿಸುವುದು. ಮೆತ್ತನೆ ಉಂಡೆ ನಿಂತಿತೋ, ಆ ಕ್ಷಣ ಪಾತ್ರೆ ಇಳಿಸಿ ಹಿಟ್ಟು ಸುರಿಯಬೇಕು. ಒಬ್ಬರು ಸುರಿಯುತ್ತಿದ್ದರೆ ಇನ್ನೊಬ್ಬರು ಕಾಲಲ್ಲಿ ಪಾತ್ರೆ ಅದುಮಿ ಹಿಡಿದು ತಿರುವಬೇಕು. ಸೌದೆ ಒಲೆ, ಹೊಗೆ, ಉಪವಾಸ. ನೋಮುವವರೆಗೆ ರುಚಿ ನೋಡುವಂತಿಲ್ಲ. ಎಣ್ಣೆಯಿಂದ ತೆಗೆದದ್ದನ್ನು ಎರಡು ಸೌಟುಗಳ ನಡುವೆ ಅದುಮಿ ಎಣ್ಣೆ ಬಸಿಯುವ ಕೆಲಸ ನನ್ನದು. ಬೆರಳ ತುದಿಯ ಚರ್ಮ ಸುಲಿದು ಮಾರನೇ ದಿನ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ನಮ್ಮಮ್ಮ ಹಬ್ಬದ ದಿನ ಕೂತು ಕಜ್ಜಾಯ ತಿಂದದ್ದನ್ನು ನಾನು ನೋಡಿಲ್ಲ. ಅದನ್ನು ತ್ಯಾಗ ಎನ್ನುವವರಿದ್ದಾರೆ. ನಾವು ಮನೆಯಲ್ಲಿ ಸೊಂಟನೋವು ಎನ್ನುತ್ತಿದ್ದೆವು.

ಈಗ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಅಂಗಡಿಗಳಲ್ಲಿ ದೀಪಾವಳಿಗೆ ಕಜ್ಜಾಯ ಸಿಗುತ್ತದೆ. ನಾನೂ ತರುತ್ತೇನೆ. ಸ್ವಲ್ಪ ಗಟ್ಟಿ, ಎಳ್ಳು ಕಡಿಮೆ. ದೇವರು ಇದುವರೆಗೆ ತಕರಾರು ಮಾಡಿಲ್ಲ.

ಗಣಿತದ ಮೇಷ್ಟ್ರು ಶಿಡ್ಲಘಟ್ಟ ಕಡೆಯವರು, ರೇಷ್ಮೆ ಮನೆತನ. "ನಮಗೆ ಹಬ್ಬ ಎಲ್ಲಿತ್ತು ಮೇಡಂ, ಹುಳ ಇತ್ತು" ಎನ್ನುವುದು ಅವರ ಮಾತು. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ ಹಗಲಿಲ್ಲ, ರಾತ್ರಿಯಿಲ್ಲ. ಒಂದು ಬೆಳೆಗೆ ಹಾಕುವ ಸೊಪ್ಪಿನಲ್ಲಿ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಸೊಪ್ಪಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಯುಗಾದಿಯೇ ಬಂದರೂ ಹುಳುವಿಗೆ ಪಂಚಾಂಗ ಗೊತ್ತಿಲ್ಲ. ತಲೆಗೆ ಹರಳೆಣ್ಣೆ ಬಳಿದುಕೊಂಡು ಸ್ನಾನಕ್ಕೆ ಪುರುಸೊತ್ತಿಲ್ಲದೆ ಸಂಜೆವರೆಗೆ ಹುಳು ಆರಿಸಿದ್ದನ್ನು, ರಾತ್ರಿ ಹತ್ತು ದಾಟಿದ ಮೇಲೆ ತಣ್ಣಗಿನ ಒಬ್ಬಟ್ಟು ತಿಂದು ಎಲೆ ಮುಂದೆಯೇ ನಿದ್ದೆ ಹೋದದ್ದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಹಬ್ಬಕ್ಕೆ ಬಂದ ನೆಂಟರನ್ನು ಹುಳುಮನೆಯ ಹೊಸಲು ದಾಟಿಸುತ್ತಿರಲಿಲ್ಲ. ಗೂಡು ಬಿಡಿಸಿದ ಮೇಲೆ ಗೂಡಿನ ಮಾರುಕಟ್ಟೆಗೆ ಹಬ್ಬದ ರಜೆ ಬಂದರೆ ಎದೆ ಡವಡವ. ಮಾರುವುದು ತಡವಾಗಿ ಚಿಟ್ಟೆ ಗೂಡು ಸೀಳಿಕೊಂಡು ಆಚೆ ಬಂದರೆ ನೂಲು ಹೋಯಿತು, ದುಡ್ಡೂ ಹೋಯಿತು. ರಜೆಗಳ ಪಟ್ಟಿ ಬಂದಾಗ ನಾವು ಶನಿವಾರ ಸೋಮವಾರ ಸೇರಿಸಿ ಲೆಕ್ಕ ಹಾಕುತ್ತಿದ್ದರೆ, ಅವರು ಮಾರುಕಟ್ಟೆಯ ಬಾಗಿಲು ಯಾವತ್ತು ಮುಚ್ಚುತ್ತದೆ ಎಂದು ನೋಡುತ್ತಿದ್ದರು.

ಹಿಂದಿ ಮೇಡಂ ಚಿಂತಾಮಣಿ ಕಡೆಯವರು. ಅವರ ಮನೆಗೆ ಹತ್ತಿರ ಮುರುಗಮಲ್ಲದ ದರ್ಗಾ. ಅಲ್ಲಿಗೆ ಹೋಗುವವರಲ್ಲಿ ಕುಂಕುಮ ಇಟ್ಟವರೂ ಅಷ್ಟೇ ಜನ. ಮೊಹರಂಗೆ ನಮ್ಮ ಸೀಮೆಯಲ್ಲಿ ಬಾಬಯ್ಯನ ಹಬ್ಬ ಎನ್ನುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಒಕ್ಕಲಿಗರೇ ಬಾಬಯ್ಯನನ್ನು ಕೂರಿಸುತ್ತಿದ್ದರು, ಕೊಂಡ ತೋಡಿ ಸೌದೆ ಒಟ್ಟುತ್ತಿದ್ದರು, ಹುಲಿವೇಷ ಹಾಕುತ್ತಿದ್ದರು. ಹರಕೆ ಹೊತ್ತವರು ಸಕ್ಕರೆ ಓದಿಸಲು ಮೇಡಂ ಅವರ ತಂದೆಯನ್ನು ಕರೆದುಕೊಂಡು ಹೋಗುತ್ತಿದ್ದರಂತೆ, ವಾಪಸ್ ಬರುವಾಗ ಅವರ ಸೈಕಲ್ಲಿಗೆ ಒಂದು ಚೀಲ ಅವರೆಕಾಯಿ ಕಟ್ಟಿ ಕಳಿಸುತ್ತಿದ್ದರಂತೆ. ಈಗ ಎಷ್ಟೋ ಊರಲ್ಲಿ ಅದು ನಿಂತಿದೆ. ಇದು ನಮ್ಮ ಧರ್ಮದ್ದಲ್ಲ ಎಂದು ಆ ಕಡೆಯ ಹಿರಿಯರು ಬಿಟ್ಟರು, ಅದೇ ಮಾತು ಹೇಳಿ ಈ ಕಡೆಯ ಹುಡುಗರೂ ಬಿಟ್ಟರು. ಹೋದ ಹಬ್ಬಗಳಲ್ಲಿ ನನಗೆ ನಿಜವಾಗಿ ನಷ್ಟ ಅನ್ನಿಸುವುದು ಇದೊಂದೇ. ಯಾಕೆಂದರೆ ಇದು ಕೆಲಸ ಹೆಚ್ಚಾಗಿ ನಿಂತದ್ದಲ್ಲ, ದುಡ್ಡಿಲ್ಲದೆ ನಿಂತದ್ದಲ್ಲ. ಬೇಡ ಎಂದು ಯಾರೋ ಕೂತು ತೀರ್ಮಾನ ಮಾಡಿದ್ದು.

ವಿಜ್ಞಾನದ ಮೇಷ್ಟ್ರು ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ವಿಚಾರವಾದಿ ಎಚ್. ನರಸಿಂಹಯ್ಯನವರ ಗುಂಗಿನವರು. ಯಾವ ಹಬ್ಬ ಹೇಳಿದರೂ ಯಾಕೆ ಎಂದು ಕೇಳುತ್ತಿದ್ದರು, ಕೇಳುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದರು. ಅವರಜ್ಜಿ ಮಕ್ಕಳಾಗಲಿ ಎಂದು ವಿದುರಾಶ್ವತ್ಥದಲ್ಲಿ ನಾಗರಕಲ್ಲು ನಿಲ್ಲಿಸಿದವರು. 1938ರ ಏಪ್ರಿಲ್ 25ರಂದು ಅದೇ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದು ಪಾಠದಲ್ಲಿದೆ, ನಾನೇ ಮಾಡಿದ್ದೇನೆ. ಆದರೆ ಆ ತಾರೀಖು ಬರುವುದು ಬೇಸಿಗೆ ರಜೆಯಲ್ಲಿ. ಹಾಗಾಗಿ ಶಾಲೆಯಲ್ಲಿ ಅದನ್ನು ನೆನೆಯುವ ದಿನ ಬರುವುದೇ ಇಲ್ಲ.

ನಮ್ಮ ಅಟೆಂಡರ್ ಕೊಡಕ್ಕೆ ನೀರು ತುಂಬುತ್ತಾ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಪಿ.ಟಿ. ಮೇಷ್ಟ್ರು ಸುಮ್ಮನಿರಲಾರದೆ, "ನಿಂದೇನಪ್ಪಾ ಹಬ್ಬದ ನೆನಪು?" ಅಂದರು.

"ನಂದೇನೈತೆ ಸಾರ್. ನಮ್ಮಪ್ಪ ತಮಟೆ ಬಡೀತಿದ್ದ, ನಾನು ಹುಲ್ಲು ಹಚ್ಚಿ ಕಾಯಿಸಿ ಕೊಡ್ತಿದ್ದೆ. ಸಾಯಂಕಾಲ ಪಾತ್ರೆ ಹಿಡ್ಕಂಡು ಮನೆಮನೆ ಮುಂದೆ ನಿಂತ್ಕೋತಿದ್ವಿ. ಅನ್ನ, ಸಾರು, ಒಬ್ಬಟ್ಟು ಎಲ್ಲಾ ಒಂದೇ ಪಾತ್ರೆಗೆ ಬೀಳ್ತಿತ್ತು. ನಿಮ್ ಒಬ್ಬಟ್ಟು ಸಿಹೀನೋ ಖಾರಾನೋ ಅಂತ ನಂಗೆ ಬಹಳ ದಿನ ಗೊತ್ತಾಗ್ಲಿಲ್ಲ."

ಬೆಲ್ ಹೊಡೆಯುವುದೂ ಅವರದೇ ಕೆಲಸ. ಆವತ್ತು ಊಟದ ಹೊತ್ತು ಮುಗಿಯುವ ಮುಂಚೆಯೇ ಹೊಡೆದರು. ಯಾರೂ ಗಡಿಯಾರ ನೋಡಲಿಲ್ಲ. ಅವರ ಮಗ ಡಿಪ್ಲೊಮಾ ಮಾಡಿ ದೊಡ್ಡಬಳ್ಳಾಪುರದ ಕಾರ್ಖಾನೆಯಲ್ಲಿದ್ದಾನೆ, ತಮಟೆ ಮುಟ್ಟಿಲ್ಲ. ಊರಹಬ್ಬಕ್ಕೆ ಈಗ ತಮಟೆಯವರನ್ನು ರೇಟು ಮಾತಾಡಿ, ಅಡ್ವಾನ್ಸ್ ಕೊಟ್ಟು, ಗಾಡಿ ಮಾಡಿ ಕರೆಸಬೇಕು. ಹಳೇ ಸಂಪ್ರದಾಯ ಹೋಯಿತು ಎಂದು ಯಜಮಾನರು ಗೊಣಗುತ್ತಾರೆ. ಗೊಣಗಲಿ.

ಪಿ.ಟಿ. ಮೇಷ್ಟ್ರು ನಂದಿ ಗ್ರಾಮದವರು. ಅವರಿಗೆ ಶಿವರಾತ್ರಿ ಬಿಟ್ಟರೆ ಹಬ್ಬವೇ ಇಲ್ಲ. ಭೋಗನಂದೀಶ್ವರನ ಜೋಡಿ ತೇರು, ದನಗಳ ಜಾತ್ರೆ, ಅವರಪ್ಪ ಹಳ್ಳಿಕಾರ್ ಹೋರಿಯ ಹಲ್ಲು ಹಿಡಿದು ನೋಡಿ, ಟವೆಲ್ ಕೆಳಗೆ ಬೆರಳಲ್ಲಿ ವ್ಯಾಪಾರ ಕುದುರಿಸಿದ್ದು. ತೇರು ಈಗಲೂ ಎಳೆಯುತ್ತಾರೆ. ಮನೆಯಲ್ಲಿ ದನಗಳಿದ್ದರಲ್ಲವೇ ಜಾತ್ರೆಯಲ್ಲಿ ದನಗಳಿರುವುದು. ಶಿವರಾತ್ರಿಯ ರಾತ್ರಿ ಕಾರುಗಳ ಸಾಲು ಈಗ ಆವಲಗುರ್ಕಿಯ ಆದಿಯೋಗಿ ಪ್ರತಿಮೆ ಕಡೆಗೆ. 112 ಅಡಿಯ ಅದನ್ನು ತೆರೆದದ್ದು 2023ರ ಜನವರಿ 15ರಂದು. ಆವತ್ತು ಸಂಕ್ರಾಂತಿ. ಎತ್ತುಗಳಿಗೆ ಕಿಚ್ಚು ಹಾಯಿಸಬೇಕಾದ ಹೊತ್ತಿನಲ್ಲಿ ಸುತ್ತಲಿನ ಹುಡುಗರು ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದರು ಎಂದು ಮೇಷ್ಟ್ರಿಗೆ ಸಿಟ್ಟು. ಕಿಚ್ಚು ಹಾಯಿಸಲು ಎತ್ತು ಯಾರ ಮನೆಯಲ್ಲಿತ್ತು ಎಂದು ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಅವರ ಮನೆಯಲ್ಲಿರುವುದು ಟ್ರ್ಯಾಕ್ಟರ್.

ಗಣೇಶನದು ಇನ್ನೊಂದು ಕತೆ. ನಾವು ಚಿಕ್ಕವರಿದ್ದಾಗ ಕೆರೆ ಮಣ್ಣಿನಲ್ಲಿ ಮಾಡಿ ಕೆರೆಗೇ ಬಿಡುತ್ತಿದ್ದೆವು. ಆಮೇಲೆ ಕೆರೆಗಳು ಒಣಗಿದವು. ಕೊಳವೆಬಾವಿ ಸಾವಿರ ಅಡಿ ದಾಟಿದ ಸೀಮೆ ಇದು. ನಮ್ಮ ಶಾಲೆಯ ಗಣೇಶನನ್ನು ನೀಲಿ ಡ್ರಮ್ಮಿನಲ್ಲಿ ಮುಳುಗಿಸಿದ ವರ್ಷಗಳಿವೆ, ಮುಳುಗದೆ ಸೊಂಡಿಲು ಮೇಲೇ ನಿಂತ ವರ್ಷವೂ ಇದೆ. ಈಗ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಸೇರಿದಂತೆ ಹಲವು ಕೆರೆಗಳಲ್ಲಿ ನೀರಿದೆ. ಅದು ಎಚ್.ಎನ್. ವ್ಯಾಲಿಯದು, ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪಂಪ್ ಮಾಡುವ ನೀರು. ಮೂರನೇ ಹಂತವೂ ಆಗಬೇಕೆಂದು ನೀರಾವರಿ ಹೋರಾಟದವರು ಕೇಳುತ್ತಲೇ ಇದ್ದಾರೆ. ಅಂತರ್ಜಲ ಏರಿದೆ ಎಂದು ರೈತರು ಖುಷಿಯಾಗಿದ್ದಾರೆ, ಮೀನು ಕೊಳ್ಳುವಾಗ ಮಾತ್ರ ಯಾವ ಕೆರೆಯದು ಎಂದು ಕೇಳುತ್ತಾರೆ. ಗಣೇಶ ಏನನ್ನೂ ಕೇಳುವುದಿಲ್ಲ, ಮುಳುಗುತ್ತಾನೆ.

ನಾನು ಬಿಟ್ಟ ಮೇಲೆ ಸ್ಟಾಫ್ ರೂಮಿಗೆ ಹೊಸಬರು ಬಂದಿದ್ದಾರೆ. ಯಲಹಂಕದಿಂದ ದಿನಾ ಓಡಾಡುವವರೂ ಇದ್ದಾರೆ. ಹಬ್ಬದ ಬೆಳಿಗ್ಗೆ ಐದಕ್ಕೇ ವಾಟ್ಸಾಪ್ ಗುಂಪಿನಲ್ಲಿ ದೀಪ, ಮಾವಿನೆಲೆ, ಕೈಮುಗಿದ ಗುರುತು. ಹೋದಾಗಲೆಲ್ಲ ನೋಡುತ್ತೇನೆ, ಮಾತು ಅಷ್ಟೇನೂ ಕಡಿಮೆಯಾಗಿಲ್ಲ. ವಿಷಯ ಬದಲಾಗಿದೆ. ಸೇವಂತಿಗೆ ತೋಟ ಇರುವ ಮೇಷ್ಟ್ರೊಬ್ಬರು ವರಮಹಾಲಕ್ಷ್ಮಿಗೆ ಹೂವು ಸರಿಯಾಗಿ ಕುಯಿಲಿಗೆ ಬರುವಂತೆ ತಿಂಗಳುಗಳ ಮುಂಚೆ ಸಸಿ ನೆಡುತ್ತಾರೆ. ಅವರ ಹಬ್ಬದ ನೆನಪೆಂದರೆ ಯಾವ ವರ್ಷ ಮಾರಿಗೆ ಎಷ್ಟು ಸಿಕ್ಕಿತು, ಯಾವ ವರ್ಷ ಹೂವನ್ನು ರಸ್ತೆಗೆ ಸುರಿದರು ಎಂಬುದು. ಕೇಳಲು ಹಳೆಯ ಕತೆಗಳಿಗಿಂತ ಇದೇ ಚೆನ್ನಾಗಿರುತ್ತದೆ. ಇನ್ನು ಮುದ್ದೇನಹಳ್ಳಿಯದೇ ಆದ ದಿನ ಸೆಪ್ಟೆಂಬರ್ 15. ವಿಶ್ವೇಶ್ವರಯ್ಯನವರ ಸಮಾಧಿಗೆ ಇಂಜಿನಿಯರುಗಳು ಹಾರ ತರುತ್ತಾರೆ, ನಾವು ಮಕ್ಕಳನ್ನು ಸಾಲಾಗಿ ಕರೆದೊಯ್ಯುತ್ತಿದ್ದೆವು, ಭಾಷಣ ಮುಗಿದ ಮೇಲೆ ವಾಪಸ್ ಬಂದು ಮಧ್ಯಾಹ್ನದ ಪೀರಿಯಡ್ ಮಾಡುತ್ತಿದ್ದೆವು. ಆ ದಿನಕ್ಕೆ ರಜೆಯಿಲ್ಲ. ಅವರ ಹೆಸರಿನಲ್ಲಿ ಕೆಲಸ ನಿಲ್ಲಿಸುವುದು ಯಾರಿಗೂ ಸರಿ ಕಾಣಲಿಲ್ಲ, ಕೇಳಿದವರೂ ಇಲ್ಲ.

ಆದರೆ ಒಂದು ರಜೆ ಕೇಳಲೇಬೇಕು. ಯುಗಾದಿಗೆ ರಜೆ ಇದೆ, ಮಾರನೇ ದಿನದ ಹೊಸತೊಡಕಿಗೆ ಇಲ್ಲ. ನಮ್ಮ ಸೀಮೆಯಲ್ಲಿ ಬಹುಪಾಲು ಜನರಿಗೆ ದೊಡ್ಡ ಹಬ್ಬ ಅದು. ವರ್ಷವಿಡೀ ಚೀಟಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ ಕುರಿ ತಂದು, ಬೆಳಗಿನ ಜಾವ ಕುಯ್ದು, ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕಿ, ಈಲಿ, ಮೂಳೆ, ಕೊಬ್ಬು ಎಲ್ಲ ಗುಡ್ಡೆಗೂ ಸಮವಾಗಿ ಬಿತ್ತೇ ಎಂದು ಎಲ್ಲರೂ ಬಗ್ಗಿ ನೋಡಿ ಒಯ್ಯುವ ದಿನ. ಆವತ್ತು ತರಗತಿಯಲ್ಲಿ ಕಾಲು ಭಾಗ ಮಕ್ಕಳು, ಸ್ಟಾಫ್ ರೂಮಿನಲ್ಲಿ ಸಿ.ಎಲ್. ಅರ್ಜಿಗಳ ರಾಶಿ. ಮಾಂಸ ತಿನ್ನದ ನಾವು ಒಂದಿಬ್ಬರು ಎಲ್ಲ ತರಗತಿಗಳನ್ನೂ ಒಟ್ಟಿಗೆ ಕೂರಿಸಿ ಕತೆ ಹೇಳಿ ಕಳಿಸಿದ್ದಷ್ಟೇ, ಪಾಠ ನಡೆದದ್ದಿಲ್ಲ. ಸ್ಥಳೀಯ ರಜೆಗಳಲ್ಲಿ ಒಂದನ್ನು ಆ ದಿನಕ್ಕೆ ಇಟ್ಟುಕೊಳ್ಳಿ, ಬೇಕಾದರೆ ಒಂದು ಶನಿವಾರ ಪೂರ್ತಿ ಶಾಲೆ ನಡೆಸಿ ಸರಿದೂಗಿಸಿ. ಈ ಬರಹ ಓದುವ ಹೆಡ್‌ಮಾಸ್ಟರುಗಳಿದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟೇ.